ಇಲ್ಲದ ಕಾರ್ಖಾನೆಯ ಯಜಮಾನರು

ರಿಸೆಪ್ಷನ್ನಿನ ಹುಡುಗಿ ಕುತ್ತಿಗೆಗೆ ಹಾಕಿಕೊಳ್ಳುವ ಟ್ಯಾಗನ್ನು ಮಾವನಿಗೆ ಕೊಡದೆ ಸೊಸೆಯ ಕೈಗೇ ಕೊಟ್ಟಳು. "ಇಂಟರ್‌ವ್ಯೂ ತಾನೆ ಮೇಡಂ? ಲಿಫ್ಟ್ ಆ ಕಡೆ." "ನನಗಲ್ಲ, ಇವರಿಗೆ," ಎಂದು ಅವಳು ಪಕ್ಕಕ್ಕೆ ಸರಿದಾಗ ಹುಡುಗಿಯ ಕಣ್ಣು ಮಾವನ ನರೆತ ಮೀಸೆಯ ಮೇಲೆ ಒಂದು ಗಳಿಗೆ ನಿಂತು, ನಿಂತಿದ್ದೇ ತಪ್ಪಾಯಿತೆನ್ನುವಂತೆ ಕಂಪ್ಯೂಟರಿನೊಳಕ್ಕೆ ಇಳಿದುಹೋಯಿತು. ಮಾವ ಅದನ್ನು ಕಂಡರೋ ಇಲ್ಲವೋ, ಹಾರ ಹಾಕಿಸಿಕೊಳ್ಳುವವರ ಹಾಗೆ ತಲೆ ಬಗ್ಗಿಸಿದರು. ಅವಳೇ ಟ್ಯಾಗ್ ಹಾಕಿದಳು. ಬೆಳಿಗ್ಗೆ ಕ್ಷೌರದಂಗಡಿಯವನು ಕೊಡವದೆ ಬಿಟ್ಟ ಒಂದೆರಡು ಬಿಳಿ ಕೂದಲು ಕಾಲರಿಗೆ ಅಂಟಿಕೊಂಡಿದ್ದವು. ತೆಗೆಯೋಣವೆಂದು ಎತ್ತಿದ ಕೈಯನ್ನು ಅಲ್ಲೇ ತಡೆದಳು. ಸೊಸೆ ಮಾವನ ಕೊರಳು ಮುಟ್ಟುವುದು ಹೇಗೆ? ತಿಂಗಳುಗಟ್ಟಲೆ ಅವರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಬಾಯಿಗೆ ಬಂದಂತೆ ಗದರಿದವಳಿಗೆ ಎರಡು ಕೂದಲು ಕೊಡವಲು ಸಂಕೋಚ. "ನೀರು ಕುಡಿದ್ರಾ ಮಾವ?" ಎಂದಷ್ಟೇ ಕೇಳಿದಳು. "ಕುಡಿದ್ರೆ ಇನ್ನೊಂದು ತಾಪತ್ರಯ ಕಣಮ್ಮಾ. ಈ ವಯಸ್ಸಿಗೆ ಬಾತ್‌ರೂಮ್ ಪಕ್ಕದಲ್ಲಿರೋ ಕೆಲಸವೇ ಒಳ್ಳೆ ಕೆಲಸ," ಎಂದರು ಮಾವ. ಲಿಫ್ಟಿನ ಬಾಗಿಲು ಅವರ ನಗುವನ್ನು ಅರ್ಧಕ್ಕೇ ಮುಚ್ಚಿಬಿಟ್ಟಿತು.

ಅವಳು ಸೋಫಾದ ತುದಿಯಲ್ಲಿ ಕೂತಳು. ತನ್ನ ಆಫೀಸಿಗೆ ಹಲ್ಲುನೋವೆಂದು ಹೇಳಿ ಅರ್ಧ ದಿನ ರಜ ಹಾಕಿ ಬಂದಿದ್ದಳು. ಹಾಗೆ ಹೇಳಿದ್ದಕ್ಕೋ ಏನೋ ಈಗ ನಿಜವಾಗಿಯೂ ಒಂದು ಹಲ್ಲು ಜುಮ್ಮೆನ್ನುತ್ತಿತ್ತು. ಕಂಪನಿಗಳ ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಕೂಡಿಸುವ ಸಾಫ್ಟ್‌ವೇರನ್ನು ಗಿರಾಕಿಗಳಿಗೆ ಹೊಂದಿಸಿಕೊಡುವುದು ಅವಳ ಕಸುಬು. ಆ ಕಸುಬಿಗೇ ಮಾವನನ್ನೂ ಎಳೆಯಬೇಕೆಂದು ಹೊಳೆದದ್ದು ಅವಳಿಗೇ. ಸೈಕಲ್ ಟ್ಯೂಬಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಖರೀದಿ ವಿಭಾಗ ನೋಡಿಕೊಂಡವರು, ಒಂದು ಬೆಳಿಗ್ಗೆ ಗೇಟಿಗೆ ಹಚ್ಚಿದ ಕಾಗದ ಓದಿಕೊಂಡು ಮನೆಗೆ ವಾಪಸಾಗಿದ್ದರು. ಯಜಮಾನರು ಮೇಲಿನ ಕೋಣೆಯಲ್ಲೇ ಇದ್ದರಂತೆ, ಕೆಳಗೆ ಇಳಿದು ಬರಲಿಲ್ಲವಂತೆ. ಮಾವ ಅದನ್ನು ಒಂದೇ ಸಲ ಹೇಳಿ ಮುಗಿಸಿದ್ದರು. ಆಮೇಲೆ ಮನೆಯಲ್ಲಿ ಅವರು ಖರೀದಿಸಲು ಶುರುಮಾಡಿದರು. ಬೇಳೆಗೆ ಮೂರು ಅಂಗಡಿಗಳಲ್ಲಿ ದರ ಬರೆಸಿಕೊಂಡು ಬರುವುದು, ಪೊರಕೆ ಮಾರುವವನನ್ನು ಬಾಗಿಲಲ್ಲಿ ನಿಲ್ಲಿಸಿ ಒಟ್ಟಿಗೆ ವರ್ಷಕ್ಕಾಗುವಷ್ಟು ತಗೊಂಡರೆ ಎಷ್ಟು ಬಿಡುತ್ತೀಯ ಎನ್ನುವುದು. "ಪೊರಕೆ ವ್ಯಾಪಾರಿಗೂ ಟೆಂಡರ್ ಕರೀತಾರೆ ನಿಮ್ಮಾವ. ಎಲ್ಲಾದ್ರೂ ಸೇರಿಸಮ್ಮಾ ಇವರನ್ನ, ಪುಣ್ಯ ಬರುತ್ತೆ," ಎಂದು ಅತ್ತೆ ಕೈಮುಗಿದಿದ್ದರು. ಅವಳ ಗಂಡ ಮಾತ್ರ ಪೇಪರಿನ ಹಿಂದಿನಿಂದ, "ನಿಮ್ಮಿಬ್ಬರ ವ್ಯವಹಾರಕ್ಕೆ ನಾನಿಲ್ಲಪ್ಪ," ಎಂದು ಕೈತೊಳೆದುಕೊಂಡಿದ್ದ.

ಮಾವ ಸಂಜೆ ತರಗತಿಗೆ ಸೇರಿದರು. ಹುಡುಗರ ನಡುವೆ ಕೂತು ಕಲಿತರು, ಪರೀಕ್ಷೆ ಪಾಸು ಮಾಡಿದರು, ಸರ್ಟಿಫಿಕೇಟನ್ನು ಅತ್ತೆಗೆ ತೋರಿಸಿ, "ಇದನ್ನ ಬೇಯಿಸಿ ಬಡಿಸ್ಲಾ?" ಎಂದು ಅನ್ನಿಸಿಕೊಂಡರು. ಆಮೇಲೆ ಶುರುವಾಯಿತು ಅಡುಗೆಮನೆಯ ಪಾಠ. ಅವಳು ಪಾತ್ರೆ ಉಜ್ಜುತ್ತ ಪ್ರಶ್ನೆ ಎಸೆಯುವುದು, ಅವರು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಉತ್ತರ ಹೇಳುವುದು. "ಗಿರಾಕಿ ಏನು ಕೇಳಿದ್ರೂ ಆಗುತ್ತೆ ಅನ್ನಬೇಡಿ ಮಾವ. ಆಗಲ್ಲ ಅಂತಲೂ ಅನ್ನಬೇಡಿ." "ಮತ್ತೇನನ್ನಲಿ, ಕೆಮ್ಮಲಾ?" "ಯಾಕೆ ಬೇಕು ಅಂತ ಕೇಳಿ. ಅರ್ಧ ಜನಕ್ಕೆ ಯಾಕೆ ಅಂತಲೇ ಗೊತ್ತಿರಲ್ಲ." ಹೋದ ತಕ್ಷಣ ಲ್ಯಾಪ್‌ಟಾಪ್ ತೆರೆಯಬೇಡಿ, ಮೊದಲು ಅವರು ಕೂರುವ ಜಾಗದಲ್ಲಿ ಕೂತು ನೋಡಿ. ಎಲ್ಲ ಬರುತ್ತೆ ಅನ್ನಬೇಡಿ, ಖರೀದಿ ಹಿಡಿದಿದ್ದೀರಿ, ಅದನ್ನೇ ಗಟ್ಟಿಯಾಗಿ ಹಿಡಿಯಿರಿ. ಮೀಟಿಂಗಿನಲ್ಲಿ ಯಾರು ಮಾತಾಡುತ್ತಿಲ್ಲವೋ ಅವರನ್ನು ಗಮನಿಸಿ, ನಾಳೆ ನಿಮ್ಮ ಕೆಲಸ ಕೆಡಿಸುವವರು ಅವರೇ. ಹೇಳುತ್ತ ಹೇಳುತ್ತ ಅವಳ ದನಿ ತನಗೇ ತಿಳಿಯದಂತೆ ಏರುತ್ತಿತ್ತು. "ಮಧ್ಯೆ ಬಾಯಿ ಹಾಕಬೇಡಿ!" ಎಂದು ಒಮ್ಮೆ ಅವಳು ಸೌಟು ಕುಕ್ಕಿದಾಗ ಮಾವ ಸ್ಟೂಲಿನಿಂದ ಎದ್ದೇ ನಿಂತಿದ್ದರು. ಸಂದರ್ಶಕರ ಮುಂದೆ ನಿಲ್ಲುವವರ ಹಾಗಲ್ಲ, ಮಾಸ್ತರರ ಮುಂದೆ ನಿಲ್ಲುವ ಹುಡುಗನ ಹಾಗೆ. ಆ ರಾತ್ರಿ ಅವರ ತಟ್ಟೆಗೆ ಬಡಿಸುವಾಗ ಅವಳು ತಲೆ ಎತ್ತಿರಲಿಲ್ಲ. ಆದರೆ ನಾಚಿಕೆಯ ಕೆಳಗೆ ಒಂದು ಸಣ್ಣ ರುಚಿಯೂ ಇತ್ತಲ್ಲ, ಅದನ್ನು ಯಾರ ಹತ್ತಿರ ಹೇಳುವುದು? ಈ ಮನೆಗೆ ಬಂದ ಮೇಲೆ ಅವಳ ಮಾತನ್ನು ಇಷ್ಟು ಗಮನ ಕೊಟ್ಟು ಯಾರೂ ಕೇಳಿರಲಿಲ್ಲ.

ಎಷ್ಟು ಕಲಿಸಿದರೂ ಒಂದು ಗೋಡೆ ಎದುರಿಗೇ ನಿಂತಿತ್ತು. ಅನುಭವ ಎಷ್ಟು? ಪ್ರತಿ ಕಂಪನಿಯೂ ಅದನ್ನೇ ಕೇಳಿತು, ಇಲ್ಲವೆಂದ ಕೂಡಲೇ ಫೋನಿಟ್ಟಿತು. ಖರೀದಿಯಲ್ಲಿ ಸವೆಸಿದ ವರ್ಷಗಳು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈ ಸಾಫ್ಟ್‌ವೇರಿನಲ್ಲಿ ಎಷ್ಟು ವರ್ಷ ಎಂಬುದೊಂದೇ ಪ್ರಶ್ನೆ. ಕೊನೆಗೊಂದು ಭಾನುವಾರ ಅವಳು ಮಾವನ ಬಯೋಡೇಟಾ ತೆರೆದು ಎರಡು ಸಾಲು ಸೇರಿಸಿದಳು. ಒಂದು ಸೋಪಿನ ಕಾರ್ಖಾನೆ, ಖರೀದಿ ಮತ್ತು ದಾಸ್ತಾನು ವಿಭಾಗಕ್ಕೆ ಸಾಫ್ಟ್‌ವೇರ್ ಅಳವಡಿಕೆ, ಎರಡು ವರ್ಷ. ಈ ದಂಧೆಯಲ್ಲಿ ಹೊಸಬರನ್ನು ತಯಾರು ಮಾಡುವವರೆಲ್ಲ ಮಾಡಿಸುವುದು ಇದನ್ನೇ. ತರಗತಿಯ ಮೇಷ್ಟ್ರು ಹುಡುಗರಿಗೆ ಬಾಯಿಪಾಠ ಮಾಡಿಸಿಯೇ ಕಳಿಸುತ್ತಾರೆ. ಬರೆಯುವಾಗ ಬೆರಳು ಎಲ್ಲೂ ತಡೆಯಲಿಲ್ಲ. ತಡೆದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಅನ್ನಿಸಿತು. ಮಾವ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಈ ಸೋಪಿನ ಫ್ಯಾಕ್ಟರಿ ಎಲ್ಲಿದೆ?" "ಎಲ್ಲೂ ಇಲ್ಲ ಮಾವ." "ಮತ್ತೆ ನಾನು ಅಲ್ಲಿಗೆ ಎರಡು ವರ್ಷ ಹೇಗೆ ಹೋಗಿ ಬಂದೆ?" "ಎಲ್ಲರೂ ಹೀಗೇ ಹಾಕ್ತಾರೆ. ಒಳಗೆ ಹೋಗೋವರೆಗೆ ಅಷ್ಟೆ. ಆಮೇಲೆ ಯಾರೂ ಕೇಳಲ್ಲ." ಮಾವ ಬೈಯಲಿಲ್ಲ, ಬೇಡವೆನ್ನಲಿಲ್ಲ. "ಹೂಂ, ನೀನು ಹೇಳಿದ ಮೇಲೆ ಸರಿ," ಎಂದರು. ಆ ಮಾತು ಅವಳನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಆದರೆ ಮಾವನಿಗೆ ಖಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ಅಭ್ಯಾಸವಿರಲಿಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು, "ಯಜಮಾನರಿಗೆ ಸ್ವಲ್ಪ ಉಗ್ಗು," ಎಂದರು. "ಯಾವ ಯಜಮಾನರು?" "ನಮ್ಮ ಸೋಪಿನವರು ಕಣಮ್ಮಾ. ಸಿಟ್ಟು ಬಂದಾಗ ಮಾತ್ರ ಉಗ್ಗಲ್ಲ. ಹಾಗಾಗಿ ಮೀಟಿಂಗ್‌ನಲ್ಲಿ ಬೇಕಂತಲೇ ಸಿಟ್ಟು ಮಾಡ್ಕೋತಾರೆ. ಒಳ್ಳೆ ಮನುಷ್ಯ. ದಿನಾ ಬೆಳಿಗ್ಗೆ ಕೆಳಗಿಳಿದು ಸ್ಟೋರ್‌ಗೆ ಬಂದು ಎಲ್ಲರನ್ನೂ ಮಾತಾಡಿಸಿಯೇ ಮೇಲೆ ಹೋಗೋದು." ವಾರ ಕಳೆಯುವುದರೊಳಗೆ ಆ ಯಜಮಾನರಿಗೆ ಹೆಂಡತಿ ಬಂದಳು, ಅವಳಿಗೆ ಗಂಡನ ಸೋಪಿನ ವಾಸನೆಯೇ ಆಗದೆ ಬೇರೆ ಕಂಪನಿಯದನ್ನು ತರಿಸಿ ಬಚ್ಚಿಟ್ಟು ಬಳಸುತ್ತಿದ್ದಳು. ಒಬ್ಬ ಸ್ಟೋರ್‌ಕೀಪರ್ ಬಂದ, ಹೊಸ ಸಾಫ್ಟ್‌ವೇರೆಂದರೆ ಉರಿದುಬೀಳುವವನು. "ಯಾಕೆ ಮಾವ, ಕದೀತಾನಾ?" ಎಂದು ಅವಳು ನಗುತ್ತ ಕೇಳಿದಳು. "ಛೆ ಛೆ. ಎರಡು ಡ್ರಮ್ ಎಣ್ಣೆ ಯಾವಾಗ್ಲೂ ಲೆಕ್ಕಕ್ಕೆ ಹಾಕದೆ ಮೂಲೇಲಿ ಇಟ್ಟಿರ್ತಾನೆ. ಎಣ್ಣೆ ಮುಗೀತು, ಮಷೀನ್ ನಿಂತೋಗುತ್ತೆ ಅಂತ ಎಲ್ಲ ಬಾಯಿ ಬಡ್ಕೊಳ್ಳೋವಾಗ ಮೆಲ್ಲಗೆ ಉರುಳಿಸ್ಕೊಂಡು ಬರ್ತಾನೆ. ಯಜಮಾನರು ಬೆನ್ನು ತಟ್ತಾರೆ. ಅಷ್ಟಕ್ಕೇ. ನಿಮ್ಮ ಸಾಫ್ಟ್‌ವೇರ್ ಬಂದ್ರೆ ಆ ಡ್ರಮ್ಮೂ ಎಲ್ಲರಿಗೂ ಕಾಣುತ್ತೆ. ಆಮೇಲೆ ಅವನ ಬೆನ್ನು ತಟ್ಟೋರ್ಯಾರು?" ಒಲೆಯ ಮೇಲೆ ಹಾಲುಕ್ಕಿ ಹರಿಯುತ್ತಿತ್ತು, ಅವಳು ನೋಡುತ್ತಲೇ ನಿಂತಿದ್ದಳು. ಅತ್ತೆ ಓಡಿ ಬಂದು ಒಲೆ ಆರಿಸಿ, "ಇಲ್ಲದ ಫ್ಯಾಕ್ಟರಿಗೆ ಇರೋ ಹಾಲು ಸುರೀತಿದ್ದೀರಲ್ಲ, ಇಬ್ಬರಿಗೂ ತಲೆ ನೆಟ್ಟಗಿದೆಯಾ?" ಎಂದು ಬಟ್ಟೆ ತಂದು ಒರೆಸಿದರು. ಅಂದಿನಿಂದ ಅತ್ತೆಯೂ ಊಟಕ್ಕೆ ಬಡಿಸುತ್ತ, "ಏನಂತಾನೆ ನಿಮ್ಮ ಸ್ಟೋರಿನವನು?" ಎಂದು ಕೇಳತೊಡಗಿದರು.

ಗಾಜಿನ ಬಾಗಿಲು ತೆರೆದು ಮುಚ್ಚುತ್ತಿತ್ತು. ಬಂದು ಹೋಗುವವರೆಲ್ಲ ಅವಳ ಕಣ್ಣಿಗೆ ಸಣ್ಣ ವಯಸ್ಸಿನವರು, ಎಲ್ಲರ ಕಿವಿಯಲ್ಲೂ ಏನೋ ಒಂದು ಸಿಕ್ಕಿಕೊಂಡಿತ್ತು. ಇವರ ನಡುವೆ ಮಾವ ಹಾಕಿಕೊಂಡು ಬಂದ ಆ ಹಳೆಯ ಕೋಟು. ಒಂದು ವೇಳೆ ಒಳಗಿರುವವರು ನಕ್ಕುಬಿಟ್ಟರೆ? ನಕ್ಕರೂ ಪರವಾಗಿಲ್ಲ, ನಗದೆ ಕರುಣೆ ತೋರಿಸಿದರೆ? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಈ ವಯಸ್ಸಿನವರೆಗೂ ನೆಟ್ಟಗೆ ನಡೆದವರಿಗೆ ಸೊಟ್ಟ ದಾರಿ ತೋರಿಸಿದವಳು ತಾನು. ಕೆಲಸ ಸಿಕ್ಕರೂ ಅದು ಉಳಿಯುತ್ತದೆ, ಸಿಗದಿದ್ದರೂ ಉಳಿಯುತ್ತದೆ. ಸೋಫಾದ ಎದುರಿನ ಟೀವಿಯಲ್ಲಿ ಯಾರೋ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು.

ಲಿಫ್ಟಿನಿಂದ ಮಾವ ಹೊರಬಂದಾಗ ಅವರ ಮುಖ ನೋಡಿಯೇ ಕೆಲಸ ಸಿಗಲಿಲ್ಲವೆಂದುಕೊಂಡಳು. ಟ್ಯಾಗ್ ಬೆನ್ನ ಮೇಲೆ ತಿರುಗಿಕೊಂಡಿತ್ತು. ಬಂದವರೇ ಸೋಫಾದ ಮೇಲೆ ಕೂತು ಮೊಣಕಾಲ ಮೇಲೆ ಕೈಯಿಟ್ಟುಕೊಂಡರು.

"ಹೋಗ್ಲಿ ಬಿಡಿ ಮಾವ, ಇದಿಲ್ಲದಿದ್ರೆ ಇನ್ನೊಂದು," ಎಂದಳು.

"ಸಿಕ್ತು ಕಣಮ್ಮಾ."

"ಸಿಕ್ತಾ!"

"ಸೋಮವಾರ ಬನ್ನಿ ಅಂದ್ರು. ಸಂಜೆಯೊಳಗೆ ಮೇಲ್ ಕಳಿಸ್ತಾರಂತೆ." ಆಮೇಲೆ ತಗ್ಗಿದ ದನಿಯಲ್ಲಿ, "ಯಜಮಾನರನ್ನ ಸಾಯಿಸ್ಬಿಟ್ಟೆ," ಎಂದರು.

ಸೋಪಿನ ಯಜಮಾನರ ಮಾತೆಂದು ಅವಳಿಗೆ ಆಮೇಲೆ ಹೊಳೆಯಿತು. ಎಲ್ಲ ಚೆನ್ನಾಗಿಯೇ ನಡೆದಿತ್ತಂತೆ. ಸಂದರ್ಶನ ಮಾಡಿದ್ದು ಒಬ್ಬರೇ ಹೆಂಗಸು, ಅಲ್ಲಿಯ ಮುಖ್ಯಸ್ಥೆ. ಸ್ಟೋರಿನವನ ಡ್ರಮ್ಮಿನ ವಿಷಯ ಹೇಳಿದಾಗ ಪೆನ್ನು ಕೆಳಗಿಟ್ಟು ಕೇಳಿದರಂತೆ. ಕೊನೆಗೆ, ಆ ಯಜಮಾನರ ಫೋನ್ ನಂಬರ್ ಕೊಡಿ, ಒಂದು ಮಾತು ಕೇಳಿಬಿಡುತ್ತೇನೆ ಅಂದರಂತೆ. ಇದೊಂದನ್ನು ಮಾತ್ರ ಅವಳು ಕಲಿಸಿರಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಅವಳಿಗೆ ಹೊಳೆಯಬೇಕಾಗಿದ್ದ ಒಂದೇ ಒಂದು ಪ್ರಶ್ನೆ ಅದು.

"ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ತೀರ್ಕೊಂಡ್ರು ಅಂದೆ. ಹೇಗೆ ಅಂದ್ರು. ಸ್ಟೋರ್‌ಗೆ ಇಳಿದು ಬರ್ತಾ ಮೆಟ್ಟಿಲ ಮೇಲೆ ಅಂದೆ. ಹೇಳ್ತಾ ಹೇಳ್ತಾ ನನಗೇ ಅಳು ಬಂತು. ನೋಡ್ತೀನಿ, ಆಯಮ್ಮ ಕಣ್ಣು ಒರೆಸ್ಕೋತಿದ್ದಾರೆ. ಅವರ ತಂದೆ ಹೋಗಿ ಇನ್ನೂ ತಿಂಗಳಾಗಿಲ್ಲವಂತೆ. ಅವರೂ ಹಾಗೇ, ಮೆಟ್ಟಿಲ ಮೇಲೆ."

"ಮಾವ, ಅದು... ನೀವು ಬೇಕಂತ ಹೇಳಿದ್ದಲ್ಲವಲ್ಲ. ಇನ್ನು ಮೂರು ತಿಂಗಳಾದ್ರೆ ಯಾರಿಗೂ ನೆನಪಿರಲ್ಲ."

"ಸುಳ್ಳಿಗೇನು ಹೆದರ್ತೀನಾ? ಪರ್ಚೇಸ್‌ನಲ್ಲಿ ಇದ್ದವನು ನಾನು, ದಿನಾ ಹೇಳ್ತಿದ್ದೆ. ನಿಮಗಿಂತ ಕಡಿಮೆಗೆ ಇನ್ನೊಬ್ಬ ಕೊಡ್ತಾನೆ ಅಂತ ಇಲ್ಲದ ಮನುಷ್ಯನ್ನ ತೋರಿಸಿಯೇ ದರ ಇಳಿಸ್ತಿದ್ದೆ. ಆದ್ರೆ ಅವನಿಗೂ ಗೊತ್ತಿರ್ತಿತ್ತು, ನನಗೂ ಗೊತ್ತಿರ್ತಿತ್ತು. ಇದು ಹಾಗಲ್ಲ. ಆ ಹೆಣ್ಮಗಳ ಹತ್ರ ನಾನು ನಿಜವಾದ ಕಣ್ಣೀರು ಈಸ್ಕೊಂಡು ಬಂದ್ಬಿಟ್ಟಿದ್ದೀನಿ. ವಾಪಸ್ ಕೊಟ್ಟು ಬರ್ತೀನಿ."

"ಕೆಲಸ ಹೋಗುತ್ತೆ ಮಾವ." "ಹೋಗುತ್ತೆ." "ಅತ್ತೆಗೆ ಏನು ಹೇಳೋದು?" "ಅವಳು ಮೊದಲು ಅಳ್ತಾಳೆ ನೋಡು, ಯಜಮಾನರು ಹೋದ್ರಲ್ಲ ಅಂತ," ಎಂದು ಮಾವ ಎದ್ದು ನಿಂತರು. ನಗಿಸಲು ಹೇಳಿದ್ದಲ್ಲ, ನಿಜಕ್ಕೂ ಯೋಚಿಸಿಯೇ ಹೇಳಿದ್ದು. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಈ ಕಸುಬಿನವರು ಒಬ್ಬರಿಗೊಬ್ಬರು ಗೊತ್ತಿರುವವರು. ಬಯೋಡೇಟಾ ಬರೆದವಳು ಯಾರೆಂದು ಇವತ್ತು ಇಲ್ಲಿ ಗೊತ್ತಾದರೆ ನಾಳೆ ತನ್ನ ಆಫೀಸಿನ ಕ್ಯಾಂಟೀನಿನಲ್ಲಿ ಗೊತ್ತಾಗುತ್ತದೆ. ಇಲ್ಲೇ ಕೂತಿರಬಹುದು. ಮಾವ ತನ್ನ ಹೆಸರು ಎತ್ತುವವರಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಎಲ್ಲ ತಮ್ಮ ತಲೆಗೇ ಹಾಕಿಕೊಂಡು, ಬೈಸಿಕೊಂಡು, ಮೀಸೆ ಒರೆಸಿಕೊಂಡು ಕೆಳಗೆ ಬರುತ್ತಾರೆ. ಬಂದು, "ಆಯ್ತು ಬಾ, ಬಸ್ ಹಿಡಿಯೋಣ," ಎನ್ನುತ್ತಾರೆ. ಆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ತಾನು ಹೇಗೆ ಕೂರುವುದೆಂದು ಅವಳಿಗೆ ಹೊಳೆಯಲಿಲ್ಲ. ಮಾವ ಹತ್ತಿದ ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ಕೈ ಅಡ್ಡ ಹಾಕಿ ಒಳಗೆ ಹೋದಳು. ರಿಸೆಪ್ಷನ್ನಿನ ಹುಡುಗಿ, "ಮೇಡಂ, ನಿಮಗೂ ಟ್ಯಾಗ್..." ಎನ್ನುತ್ತಿದ್ದಳು.

ಮುಖ್ಯಸ್ಥೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಕೈ ತುತ್ತಿನಲ್ಲಿತ್ತು. ಕಣ್ಣಂಚು ಇನ್ನೂ ಕೆಂಪಾಗಿತ್ತು. "ಏನಾದ್ರೂ ಮರೆತ್ರಾ ಸರ್?" ಎಂದು ಎಡಗೈಯಿಂದ ಕುರ್ಚಿ ತೋರಿಸಿದರು. ಮಾವ ಕೂರಲಿಲ್ಲ. "ತಾಯೀ, ಆ ಯಜಮಾನರು ಸತ್ತಿಲ್ಲ," ಎಂದರು. "ಅಂದ್ರೆ, ಬದುಕಿಯೂ ಇಲ್ಲ. ಅವರು ಇರಲೇ ಇಲ್ಲ. ಫ್ಯಾಕ್ಟರಿಯೂ ಇಲ್ಲ. ನನಗೆ ಅನುಭವ ಇಲ್ಲ."

ಮುಖ್ಯಸ್ಥೆ ತುತ್ತನ್ನು ಡಬ್ಬಿಗೇ ಬಿಟ್ಟರು. "ನಾನು ನಿಮ್ಮ ಮುಂದೆ ಅತ್ತುಬಿಟ್ಟೆ," ಎಂದರು. ಸಿಟ್ಟಿನಲ್ಲಿ ಹೇಳಿದ್ದಾಗಿದ್ದರೆ ತಡೆದುಕೊಳ್ಳಬಹುದಿತ್ತು. "ಆಫೀಸಲ್ಲಿ ಯಾರ ಮುಂದೆಯೂ ಅತ್ತಿರಲಿಲ್ಲ. ಮನೇಲೂ ಇಲ್ಲ."

"ಅದಕ್ಕೇ ಬಂದೆ ತಾಯೀ."

ಅವಳಿಗೆ ತನ್ನ ದನಿ ಎಲ್ಲೋ ದೂರದಲ್ಲಿ ಕೇಳಿಸಿತು. "ಮೇಡಂ, ನಾನು ಇವರ ಸೊಸೆ. ಈ ಕಸುಬಿನಲ್ಲೇ ಇದ್ದೀನಿ. ಆ ಎರಡು ಸಾಲು ಬರೆದದ್ದು ನಾನು. ಇವರಿಗೆ ಬರೀ ಖಾಲಿ ಫ್ಯಾಕ್ಟರಿ ಕೊಟ್ಟಿದ್ದೆ. ಅದರಲ್ಲಿ ಜನ ತುಂಬಿದ್ದು ಮಾತ್ರ ಇವರು." ಹೇಳಿದ ಮೇಲೆ ಹಲ್ಲುನೋವು ನಿಂತುಹೋದದ್ದು ಗೊತ್ತಾಯಿತು. ಮುಖ್ಯಸ್ಥೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಎಷ್ಟು ವರ್ಷದಿಂದ ಇದ್ದೀರಿ ಇದರಲ್ಲಿ?" "ಹತ್ತು." "ಹತ್ತು ವರ್ಷ ಇದ್ದವರು ಹೊಸಬರಿಗೆ ಹೇಳಿಕೊಡೋದು ಇದನ್ನಾ?" ಅವಳು ತಲೆ ತಗ್ಗಿಸಿದಳು. ಶಾಲೆ ಬಿಟ್ಟಮೇಲೆ ಯಾರ ಮುಂದೆಯೂ ಹೀಗೆ ತಲೆ ತಗ್ಗಿಸಿ ನಿಂತ ನೆನಪಿರಲಿಲ್ಲ. ಪಕ್ಕದಲ್ಲಿ ಮಾವ, "ಬೇರೆ ಎಲ್ಲ ಒಳ್ಳೇದೇ ಹೇಳಿಕೊಟ್ಟಿದ್ದಾಳೆ ತಾಯೀ. ಇದೊಂದು ನನ್ನ ಮೇಲಿನ ಅಕ್ಕರೆಗೆ ಮಾಡಿದ್ದು," ಎಂದುಬಿಟ್ಟರು. ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಊಟದ ಡಬ್ಬಿಯ ಮುಚ್ಚಳ ನೋಡಿದಳು.

ಮುಖ್ಯಸ್ಥೆ ಕೈ ಒರೆಸಿಕೊಂಡು ಕಂಪ್ಯೂಟರಿನಲ್ಲಿ ಏನನ್ನೋ ಅಳಿಸಿದರು. "ಆ ಕೆಲಸ ನಿಮಗಿಲ್ಲ. ಅದು ಅನುಭವ ಇದ್ದವರಿಗೆ." "ಸರಿ," ಎಂದು ಮಾವ ಆಗಲೇ ಟ್ಯಾಗ್ ಬಿಚ್ಚಲು ಕೈ ಹಾಕಿದ್ದರು. "ನಿಲ್ಲಿ. ಆ ಡ್ರಮ್ಮಿನ ವಿಷಯ? ಅದೂ ಕಥೆಯಾ?" ಮಾವ ಯೋಚಿಸಿದರು. "ಅವನು ಕಥೆ. ಡ್ರಮ್ಮು ಎಲ್ಲ ಕಡೆ ಇರುತ್ತೆ." ಮುಖ್ಯಸ್ಥೆಯ ತುಟಿ ಒಂದು ಬದಿಗೆ ಸರಿಯಿತು, ನಗುವೆನ್ನಲು ಬರುವಂತಿರಲಿಲ್ಲ. ಸೋಮವಾರ ಹೊಸಬರ ತಂಡವೊಂದು ಸೇರುತ್ತದೆ, ಕಾಲೇಜು ಮುಗಿಸಿ ಬಂದವರು, ಕಲಿಯುವ ಸಂಬಳ, ಕಲಿಯುವ ಕುರ್ಚಿ, ಪಕ್ಕದಲ್ಲಿ ಕೂರುವವರು ಮೊಮ್ಮಕ್ಕಳ ಹಾಗಿರುತ್ತಾರೆ, ಅವರ ಜೊತೆ ಪರೀಕ್ಷೆಯಲ್ಲಿ ಫೇಲಾದರೆ ಮನೆಗೆ ಕಳಿಸುತ್ತೇನೆ, ವಯಸ್ಸು ನೋಡುವುದಿಲ್ಲ, ಎಂದು ಒಂದೇ ಉಸಿರಿಗೆ ಹೇಳಿದರು. ಅವರ ಮಾತು ಮುಗಿಯುವ ಮುಂಚೆಯೇ ಮಾವ, "ಬರ್ತೀನಿ," ಎಂದರು. "ಇನ್ನೊಂದು," ಎಂದರು ಮುಖ್ಯಸ್ಥೆ. ಡಬ್ಬಿಯನ್ನು ಮತ್ತೆ ಹತ್ತಿರ ಎಳೆದುಕೊಂಡಿದ್ದರು, ಆದರೆ ಅದರ ಕಡೆ ನೋಡುತ್ತಿರಲಿಲ್ಲ. "ಆ ಹೊಸ ಮಕ್ಕಳಿಗೆ ಅಭ್ಯಾಸಕ್ಕೆ ಅಂತ ಒಂದು ಕಂಪನಿ ಕೊಡಬೇಕು. ಪ್ರತಿ ಸಲ ಏನೋ ಒಂದು ಒಣ ಲೆಕ್ಕ ಕೊಟ್ಟು ಕೂರಿಸ್ತೀವಿ. ಸೋಮವಾರದೊಳಗೆ ಆ ಯಜಮಾನರನ್ನ ಬದುಕಿಸ್ಕೊಂಡು ಬನ್ನಿ."

ಲಿಫ್ಟ್ ಬೇಡವೆಂದು ಮಾವ ಮೆಟ್ಟಿಲಿನ ಕಡೆ ತಿರುಗಿದರು. ಪಕ್ಕದ ಕಂಬಿ ಹಿಡಿದು ಒಂದೊಂದೇ ಇಳಿಯುತ್ತಿದ್ದರು, ಅವಳು ಒಂದು ಮೆಟ್ಟಿಲು ಹಿಂದೆ. ಮೊದಲ ತಿರುವಿನಲ್ಲಿ ಕಿಟಕಿಯ ಬಿಸಿಲು ಅವರ ಹೆಗಲ ಮೇಲೆ ಬಿತ್ತು. ಅವರ ಬೆರಳುಗಳು ಕಂಬಿಯ ಮೇಲೆ ಏನನ್ನೋ ಲೆಕ್ಕ ಹಾಕುತ್ತಿದ್ದವು, ಆಗಲೇ ಕೆಲಸಕ್ಕೆ ಇಳಿದಿದ್ದರು. ಮುಂದಿನ ತಿರುವಿನಲ್ಲಿ ನಿಂತು, "ಹಾರ್ಟು ನಿಂತಿರಲಿಲ್ಲ ಅಂತ ಮಾಡೋಣ," ಎಂದರು. "ಬರೀ ತಲೆಸುತ್ತು. ಬಿದ್ದಿದ್ದು ನೋಡಿ ಆ ಸ್ಟೋರಿನವನೇ ಓಡಿ ಬಂದ. ಅವರಿಬ್ಬರಿಗೂ ಮಾತು ಬಿಟ್ಟು ವಾರ ಆಗಿತ್ತು ಕಣಮ್ಮಾ, ಡ್ರಮ್ಮಿನ ವಿಷಯಕ್ಕೆ. ಆದ್ರೂ ಬಂದ."

"ಆಮೇಲೆ?"

"ಆಮೇಲೆ ಆಸ್ಪತ್ರೆ. ಡಾಕ್ಟ್ರು ಏನೇನೋ ಹೇಳಿದ್ರು. ಯಜಮಾನರು ಯಾರ ಮಾತೂ ಕೇಳಲ್ಲ, ನಿನಗೆ ಗೊತ್ತಲ್ಲ. ಮಾತ್ರೆ ನುಂಗಲ್ಲ, ಮಲಗಲ್ಲ, ಫ್ಯಾಕ್ಟರಿಗೆ ಹೋಗ್ತೀನಿ ಅಂತ ಹಟ."

ಅವಳು ಎರಡು ಮೆಟ್ಟಿಲು ಬೇಗ ಇಳಿದು ಅವರ ಪಕ್ಕಕ್ಕೆ ಬಂದಳು. ಕೇಳಬಾರದೆಂದುಕೊಂಡೇ ಕೇಳಿದಳು. "ಯಜಮಾನರಿಗೆ ಸೊಸೆ ಇದ್ಲಾ ಮಾವ?"

ಮಾವ ಅವಳ ಕಡೆ ನೋಡಲಿಲ್ಲ. ಮುಂದಿನ ಮೆಟ್ಟಿಲು ಎಲ್ಲಿದೆಯೆಂದು ಎಚ್ಚರದಿಂದ ನೋಡಿಕೊಂಡು ಕಾಲಿಟ್ಟರು.

"ಇದ್ಲು. ಬಾಯಿ ಸ್ವಲ್ಪ ಜೋರು. ಆದ್ರೆ ಅವಳೊಬ್ಬಳು ಇಲ್ದೆ ಇದ್ದಿದ್ರೆ ಆ ಮನುಷ್ಯ ಎದ್ದು ಕೂರ್ತಾನೇ ಇರ್ಲಿಲ್ಲ."